ಅತಿಥಿಗೃಹದ ತೋಟದಲ್ಲಿ ನೆಲೆಸಿರುವ ಗಾಳಿಮಾಪಕರಿಗೆ

ಮಾನ್ಯ ಗಾಳಿ ಅಳೆಯುವ ಯಂತ್ರ ಮಹಾಶಯರೇ,

ತಮ್ಮಂಥ ದೊಡ್ಡವರಿಗೆ ನನ್ನಂಥವಳು ಪತ್ರ ಬರೆಯುವುದೇ ಅಧಿಕಪ್ರಸಂಗ, ಮೊದಲು ಅದನ್ನು ಕ್ಷಮಿಸಬೇಕು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ರಜಾ ಅರ್ಜಿಯನ್ನೂ ಇಂಗ್ಲಿಷಿನಲ್ಲೇ ಬರೆದು ಅಭ್ಯಾಸ. ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ ಮರ್ಯಾದೆ ಕಡಿಮೆಯಾಗಿದ್ದರೆ ಅದು ನನ್ನ ಭಾಷೆಯ ಕೊರತೆಯೆಂದೂ, ಹೆಚ್ಚಾಗಿದ್ದರೆ ಬೇಕೆಂದೇ ಮಾಡಿದ್ದೆಂದೂ ತಿಳಿಯತಕ್ಕದ್ದು.

ತಮ್ಮ ಪರಿಚಯವಾದದ್ದು ಕಾಲೇಜಿನ ದೆಸೆಯಿಂದ. ಹಾಸ್ಟೆಲು ಬಿಟ್ಟು, ಮನೆಯಿಂದಲೇ ರೈಲಿನಲ್ಲಿ ಓಡಾಡುತ್ತ ಮಹಾನಗರದ ಕಾಲೇಜು ಸೇರಿದ ಹೊಸತರಲ್ಲೇ ನಮ್ಮ ಮೇಡಂ, ಪ್ರತಿಯೊಬ್ಬರೂ ಅವರವರ ಊರಿನ ಪ್ರೊಫೈಲ್ ಬರೆದು ಸಬ್ಮಿಟ್ ಮಾಡಿ ಎಂದರು. ರಜೆಗೆ ಬಂದುಹೋಗುವ ನೆಂಟರಂತೆ ಬೆಳೆದವಳಿಗೆ ಊರಿನ ವಿಷಯ ಏನು ಗೊತ್ತು? ಟೆನ್ಷನ್ನಿನಲ್ಲಿ ನಗರಸಭೆಯ ವೆಬ್‌ಸೈಟ್ ತೆರೆದರೆ, ನಮ್ಮೂರು ಮಹಾನಗರದ ಮಗ್ಗುಲಲ್ಲಿ ಅರಳಿದ ಕೈಗಾರಿಕಾ ಉದ್ಯಾನವಂತೆ, ಇಲ್ಲಿನ ಗಾಳಿ ತೃಪ್ತಿಕರವಂತೆ. ಸಾಕ್ಷಿಗೆ ತಮ್ಮದೇ ಅಂಕಿ, ಹಸಿರು ಬಣ್ಣದಲ್ಲಿ. ಓದುತ್ತ ಓದುತ್ತ, ಬದುಕಿದರೆ ಇಂಥ ಊರಿನಲ್ಲಿ ಬದುಕಬೇಕು ಅನ್ನಿಸಿತು. ಆಮೇಲೆ ನೆನಪಾಯಿತು, ನಾನು ಅಲ್ಲೇ ಇದ್ದೇನೆ ಎಂದು.

ಮಹಾನಗರಕ್ಕೆ ಬೇಕಾದ ನಲ್ಲಿ, ಬಕೆಟ್ಟು, ಬಾಗಿಲ ಹಿಡಿ, ಚಪ್ಪಲಿಯ ಅಟ್ಟೆ ಎಲ್ಲವೂ ಹುಟ್ಟುವುದು ಇಲ್ಲೇ. ಥಳಥಳ ಹೊಳೆಯುವುದೆಲ್ಲ ಲಾರಿ ಹತ್ತಿ ಅತ್ತ ಹೋಗುತ್ತದೆ. ಹೊಳೆಯುವ ಮೊದಲು ಅದರ ಮೈಮೇಲೆ ಇದ್ದದ್ದೆಲ್ಲ ನಮಗೆ ಉಳಿಯುತ್ತದೆ. ನಮ್ಮೂರು ಬಂತೆಂದು ತಿಳಿಯಲು ರೈಲಿನ ಪ್ರಯಾಣಿಕರು ಬೋರ್ಡು ಓದುವುದಿಲ್ಲ, ಸುಮ್ಮನೆ ಕಿಟಕಿ ಇಳಿಸಿ ಮುಚ್ಚುತ್ತಾರೆ. ತೂಕಡಿಸುತ್ತಿರುವ ನಾನು ಆ ದಡದಡ ಸದ್ದಿಗೇ ಎದ್ದು ಬ್ಯಾಗು ಹೆಗಲಿಗೇರಿಸುತ್ತೇನೆ. ನಮ್ಮ ಬೀದಿಯಲ್ಲಿ ಯಾರಾದರೂ ಬಿಳಿ ಬಟ್ಟೆಯನ್ನು ಹೊರಗೆ ಒಣಹಾಕಿದರೆ, ಪಾಪ, ಹೊಸದಾಗಿ ಬಾಡಿಗೆಗೆ ಬಂದವರಿರಬೇಕು ಅನ್ನುತ್ತಾರೆ. ಆದರೆ ತಮ್ಮ ಅಂಕಿಯ ಮುಂದೆ ನಮ್ಮ ಮೂಗು ಯಾವ ಲೆಕ್ಕ?

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕ ನಲ್ಲಿ ಕಾರ್ಖಾನೆಯ ಪಾಲಿಶ್ ವಿಭಾಗದಲ್ಲಿದ್ದಾಳೆ. ತಿರುಗುವ ಚಕ್ರಕ್ಕೆ ನಲ್ಲಿಯನ್ನು ಒತ್ತಿ ಹಿಡಿದು ಹೊಳಪು ಬರಿಸುವುದು ಅವಳ ಕೆಲಸ; ಮನೆಗೆ ಬರುವಾಗ ಹುಬ್ಬೂ ಬೂದು, ರೆಪ್ಪೆಯೂ ಬೂದು. ಈಚೆಗೆ ಅವಳಿಗೆ ಎಂಥ ಕೆಮ್ಮು ಎಂದರೆ, ಒಂದು ಮಾತು ಮುಗಿಯುವುದರೊಳಗೆ ಗೋಡೆ ಹಿಡಿದು ನಿಲ್ಲಬೇಕು. ಪ್ಯಾಕಿಂಗ್ ವಿಭಾಗಕ್ಕೆ ಹಾಕಿ ಎಂದು ಬೇಡಿಕೊಂಡಳು. ಕಾರ್ಖಾನೆಯ ಡಾಕ್ಟರು ಅವಳ ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲು ಮೊಬೈಲಿನಲ್ಲಿ ತಮ್ಮ ಅಂಕಿ ನೋಡಿದರಂತೆ. “ಇಡೀ ಊರಿನ ಗಾಳಿ ಚೆನ್ನಾಗಿದೆಯಲ್ಲಮ್ಮ, ನಿನಗೊಬ್ಬಳಿಗೆ ಯಾಕೆ ಕೆಮ್ಮು? ಮನೇಲಿ ಸೌದೆ ಒಲೆ ಇಟ್ಕೊಂಡಿದ್ದೀರಾ?” ಎಂದರಂತೆ. ನಮ್ಮದು ಗ್ಯಾಸ್ ಸಾರ್ ಎನ್ನಲು ಹೋದ ಅಕ್ಕನಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಅವರು ವರ್ಗಾವಣೆಯ ಅಗತ್ಯವಿಲ್ಲ ಎಂದು ಬರೆದಾಗಿತ್ತು. ಡಾಕ್ಟರ ಹತ್ತಿರ ಜಗಳಕ್ಕೆ ಹೋಗಬೇಡ, ಇರುವ ಕೆಲಸಕ್ಕೂ ಕುತ್ತು ಬರುತ್ತದೆ ಎಂದು ಅಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಯಂತ್ರದ ಹತ್ತಿರ ಹೋಗಬೇಡ ಎಂದಿಲ್ಲ.

ಹಾಗಾಗಿ ಕಳೆದ ಭಾನುವಾರ ತಮ್ಮ ದರ್ಶನಕ್ಕೆ ಬಂದೆ. ಕಾರ್ಖಾನೆಗಳನ್ನೆಲ್ಲ ಹಿಂದೆ ಬಿಟ್ಟು, ಕೆರೆ ದಾಟಿ, ಅತಿಥಿಗೃಹದ ಹುಲ್ಲುಹಾಸಿನ ಮೇಲೆ, ಮರದ ನೆರಳಿನಲ್ಲಿ, ಸುತ್ತ ಬೇಲಿ ಹಾಕಿಸಿಕೊಂಡು ತಾವು ಬೆಳ್ಳಗೆ ನಿಂತಿದ್ದಿರಿ. ಮಾಲಿ ಪೈಪು ಹಿಡಿದು ತಮ್ಮ ಸುತ್ತ ನೀರು ಚಿಮುಕಿಸುತ್ತಿದ್ದರು. ಇವರನ್ನು ಇಷ್ಟು ದೂರ ತಂದಿಟ್ಟದ್ದೇಕೆ ಎಂದು ಕೇಳಿದೆ.

“ಮೊದ್ಲು ನಲ್ಲಿ ಫ್ಯಾಕ್ಟರಿ ಗೇಟಿನ ಹತ್ರಾನೇ ಇಟ್ಟಿದ್ರು ಕಣಮ್ಮ,” ಎಂದರು ಮಾಲಿ. “ಅಲ್ಲಿನ ಧೂಳು ಇದಕ್ಕೆ ಆಗ್ಲಿಲ್ಲ, ಪಾಪ. ಒಳಗೆಲ್ಲ ಕಟ್ಕೊಂಡು ಪದೇ ಪದೇ ಕೆಟ್ಟು ಹೋಗ್ತಿತ್ತು. ಇಲ್ಲಿಗೆ ಬಂದ ಮೇಲೆ ಆರಾಮಾಗಿದೆ.”

ಮಾನ್ಯರೇ, ಆ ಗಳಿಗೆಯಿಂದ ತಮ್ಮ ಮೇಲೆ ನನಗೆ ಹುಟ್ಟಿರುವ ಗೌರವವನ್ನು ಹೇಗೆ ಹೇಳಲಿ! ಅಕ್ಕನಿಗೆ ಸಿಗದ ವರ್ಗಾವಣೆ, ಅದೇ ಗೇಟಿನಿಂದ, ಅದೇ ಧೂಳಿನ ಕಾರಣಕ್ಕೆ, ತಮಗೆ ಸಿಕ್ಕಿದೆ. ಸಿಕ್ಕಿದ್ದಷ್ಟೇ ಅಲ್ಲ, ಹುಷಾರಾದ ಮೇಲೆ ತಾವು ಹೇಳಿದ ಸಾಕ್ಷಿಯಿಂದಲೇ ಅವಳದು ತಪ್ಪಿದೆ. ತಮ್ಮ ಎದೆ ಬಿಚ್ಚಿ ನೋಡಿದ ಆ ಪುಣ್ಯಾತ್ಮ ಡಾಕ್ಟರು ಯಾರು? ಅವರು ಮನುಷ್ಯರನ್ನೂ ನೋಡುತ್ತಾರೆಯೇ? ತಮ್ಮ ಕೃಪೆಯಿದ್ದರೆ ಒಂದೇ ಒಂದು ವಾರ ತಾವು ಪಾಲಿಶ್ ಚಕ್ರದ ಮುಂದೆ ನಿಂತು, ಅಕ್ಕನನ್ನು ಆ ಬೇಲಿಯೊಳಗೆ ನಿಲ್ಲಗೊಡಿ. ಮಾಲಿ ಅವಳ ಸುತ್ತಲೂ ನೀರು ಚಿಮುಕಿಸಲಿ. ತೋಟದ ಗಾಳಿ ಹೇಗಿದೆಯೆಂದು ಅವಳೂ ಚೆನ್ನಾಗಿಯೇ ಹೇಳಬಲ್ಲಳು. ಅಷ್ಟು ಆಗದಿದ್ದರೆ, ತಮಗೇನಾಗಿತ್ತೆಂದು ಡಾಕ್ಟರಿಗೆ ತಾವೇ ಒಂದು ಮಾತು ತಿಳಿಸಿ. ಉಸಿರಾಡುವವರು ಹೇಳಿದರೆ ಅವರು ನಂಬುವುದಿಲ್ಲ.

ನನ್ನ ಪ್ರೊಫೈಲನ್ನು ಸಬ್ಮಿಟ್ ಮಾಡಿದ್ದಾಯಿತು. ಯಂತ್ರಗಳ ಆರೋಗ್ಯಕ್ಕೆ ಒಗ್ಗದ, ಮನುಷ್ಯರಿಗೆ ತೃಪ್ತಿಕರವಾದ ಊರು ಎಂದು ಬರೆದೆ. ಆಧಾರ ಕೊಡಿ ಎಂದು ಮೇಡಂ ಕೆಂಪು ಶಾಯಿಯಲ್ಲಿ ಬರೆದು ಹಿಂತಿರುಗಿಸಿದ್ದಾರೆ.

ತಮ್ಮ ಅಂಕಿಯನ್ನೇ ಉಸಿರಾಡುತ್ತಿರುವ ವಿಶ್ವಾಸಿ,
ಪಾಲಿಶ್ ವಿಭಾಗದವಳ ತಂಗಿ

ವಿ.ಸೂ.: ಪ್ಯಾಕಿಂಗ್ ವಿಭಾಗದಲ್ಲಿ ಸದ್ಯ ಒಂದು ಜಾಗ ಖಾಲಿಯಿದೆ. ನಲ್ಲಿಗಳ ಹೊಳಪು ಮಾಸಬಾರದೆಂದು ಆ ಕೋಣೆಯೊಳಕ್ಕೆ ಒಂದು ಚೂರೂ ಧೂಳು ಬಿಡುವುದಿಲ್ಲವಂತೆ; ನಲ್ಲಿಗಳ ಮೇಲಿನ ಈ ಅಕ್ಕರೆಯಲ್ಲಿ ಅಕ್ಕನೂ ಹೇಗೋ ನುಸುಳಿ ಬದುಕಿಕೊಂಡಾಳು. ಬರುವ ಸೋಮವಾರ ಆ ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. ದಯವಿಟ್ಟು ಅದಕ್ಕೆ ಮೊದಲು ಉತ್ತರ ಕೊಡಿ.