ಮಣ್ಣನ್ನು ನಂಬದ ಅತ್ತಿಗೆ

ನಮ್ಮ ಅತ್ತಿಗೆಗೆ ದೇವರಲ್ಲಿ ನಂಬಿಕೆಯಿದೆ, ಶಂಕರಘಟ್ಟದ ಬಸ್ಸು ಬಂದೇ ಬರುತ್ತದೆಂಬ ನಂಬಿಕೆಯಿದೆ, ನಮ್ಮಣ್ಣನ ಮೇಲೂ ಅಷ್ಟಿಷ್ಟು ಇದೆ. ಇಲ್ಲದಿರುವುದು ಭೂಮಿಯ ಮೇಲೆ ಮಾತ್ರ! ಜಗತ್ತೆಲ್ಲ ನೆಮ್ಮದಿಯಾಗಿ ಕಾಲೂರಿ ನಿಂತಿರುವ ಈ ಮಣ್ಣಿನ ಬಗ್ಗೆ ಅವರಿಗೆ ಮೊದಲಿನಿಂದಲೂ ಗುಮಾನಿ.

ಅವರು ಶಿವಮೊಗ್ಗದಲ್ಲಿ ಕಟ್ಟಡಗಳ ಲೆಕ್ಕ ಹಾಕುವ ಇಂಜಿನಿಯರು. ಕಂಬ ಎಷ್ಟು ದಪ್ಪ, ಪಾಯ ಎಷ್ಟು ಅಗಲ ಇರಬೇಕೆಂದು ಕಂಪ್ಯೂಟರಿನಲ್ಲಿ ನೋಡಿ ಸಹಿ ಹಾಕುವುದು ಅವರ ಕೆಲಸ. ಆದರೆ ಆ ಕೆಲಸ ಟೇಬಲ್ಲಿಗೇ ಮುಗಿಯಬೇಕಲ್ಲ? ಒಮ್ಮೆ ಕುಂಸಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆವು. ಎಲ್ಲರೂ ಟೈಲ್ಸ್ ಹೊಗಳುತ್ತಿದ್ದರೆ ಇವರು ಎಲೆಯ ಮುಂದೆ ಕೂತು, ಬಡಿಸಲು ಬಂದ ಯಜಮಾನರನ್ನು, "ಪಾಯ ಎಷ್ಟು ಹಾಕಿದೀರಿ?" ಎಂದು ಕೇಳಿದರು. ಗದ್ದಲದಲ್ಲಿ ಅವರಿಗೆ ಏನು ಕೇಳಿಸಿತೋ! "ಅಯ್ಯೋ, ನಿಮಗೆ ಹಾಕೇ ಇಲ್ವಾ?" ಎಂದು ಎರಡು ಸೌಟು ಪಾಯಸ ಸುರಿದರು.

"ಅದಲ್ಲ, ಎಷ್ಟು ಆಳ ಇದೆ?"

"ಪಾತ್ರೆ ಆಳವಾಗೇ ಇದೆ ಕಣಮ್ಮ, ಸಂಕೋಚ ಬೇಡ!" ಮತ್ತೆರಡು ಸೌಟು.

ಪಾಯದ ಆಳ ತಿಳಿಯದೆಯೇ ಅತ್ತಿಗೆ ಹೊಟ್ಟೆ ಭಾರ ಮಾಡಿಕೊಂಡು ಮನೆಗೆ ಬಂದರು.

ಅವರದು ಒಂದೇ ಸುತ್ತಿನಲ್ಲಿ ಮುಗಿಯುವ ಲೆಕ್ಕವೂ ಅಲ್ಲ. ಕಂಬ ಕೊಂಚ ವಾಲುತ್ತದಂತೆ. ಅದು ಮೊದಲ ಲೆಕ್ಕ. ವಾಲಿದ್ದರಿಂದಲೇ ತಲೆಯ ಮೇಲಿನ ಭಾರ ಪಕ್ಕಕ್ಕೆ ಸರಿದು ಇನ್ನಷ್ಟು ವಾಲಿಸುತ್ತದಂತೆ. ಅದು ಎರಡನೇ ಲೆಕ್ಕ. ನನಗೆ ತಲೆಬುಡ ತಿಳಿಯದಿದ್ದಾಗ ಅಣ್ಣನೇ ಬಿಡಿಸಿ ಹೇಳಿದ: "ಕೊತ್ತಂಬರಿ ಸೊಪ್ಪು ಮರ್ತು ಬಂದೆ ಅಂತ ಬೈಸ್ಕೊಳ್ಳೋದು ಮೊದಲ್ನೇದು. ಬೈದಾಗ ಮುಖ ಊದಿಸ್ಕೊಂಡೆ ಅಂತ ಮತ್ತೆ ಬೈಸ್ಕೊಳ್ತೀನಲ್ಲ, ಅದು ಎರಡ್ನೇದು. ಮನುಷ್ಯ ಬೀಳೋದು ಎರಡ್ನೇದ್ರಲ್ಲೇ ಮಾರಾಯ್ತಿ!"

ಇಂಥವರ ಕೈಗೆ ನಾನು ನನ್ನ ಮನೆ ಕೊಟ್ಟೆ. ಭದ್ರಾವತಿಯಲ್ಲಿ, ಕಾಗದನಗರದ ಹತ್ತಿರ, ನಮ್ಮದು ಪುಟ್ಟ ಮನೆ. ನಮ್ಮಮ್ಮ ಹದಿನಾರು ವರ್ಷದಿಂದ ಅಣ್ಣ ಅತ್ತಿಗೆಯ ಜೊತೆಗಿದ್ದಾಳೆ. ಇನ್ನು ನನ್ನ ಜೊತೆ ಇರಲಿ ಎಂದು ನನಗಾಸೆ. ಹೆಣ್ಣುಮಗಳಿಗೆ ಅಷ್ಟೂ ಹಕ್ಕಿಲ್ಲವೇ? ಮಹಡಿಯಲ್ಲೊಂದು ರೂಮು ಕಟ್ಟಿ ನಾವು ಮೇಲೆ ಹೋದರೆ ಕೆಳಗಿನ ರೂಮು ಅಮ್ಮನಿಗೆ. "ರೂಮಾಗ್ಲಿ, ಬರ್ತೀನಿ ಕಣೆ" ಎಂದು ಅವಳೂ ಒಪ್ಪಿದ್ದಳು. ಹಳೇ ಗೋಡೆ ಭಾರ ತಡೆಯುವುದಿಲ್ಲವೆಂದು ಹೊಸ ಕಂಬಗಳಿಗೆ ಗುಂಡಿ ತೋಡಿಸಿದೆವು. ಪಕ್ಕದ ಮನೆಯ ಕಾಂಪೌಂಡಿಗೆ ಒತ್ತಿಕೊಂಡಿದ್ದ ಮೂಲೆಯ ಗುಂಡಿಯ ಹತ್ತಿರ ಅತ್ತಿಗೆ ಕುಕ್ಕರುಗಾಲಿನಲ್ಲಿ ಕೂತು, ಮಣ್ಣು ಹಿಸುಕಿ ನೋಡಿ, "ಕೆಲ್ಸ ನಿಲ್ಸಿ" ಎಂದರು.

ಮೇಸ್ತ್ರಿ ನಕ್ಕ. "ಏನೂ ಆಗಲ್ಲಕ್ಕ, ಭೂಮ್ತಾಯಿ ಹಿಡ್ಕೊಳ್ತಾಳೆ."

"ಭೂಮ್ತಾಯಿ ಹೊರ್ತಾಳೆ ಕಣಪ್ಪ, ಹಿಡ್ಕೊಳ್ಳಲ್ಲ! ಇಲ್ಲಿ ಕಂಬ ಪಾಯದ ಅಂಚಲ್ಲಿ ಕೂರುತ್ತೆ. ಒಂದ್ಕಡೆ ಒತ್ತಿದ್ರೆ ಇನ್ನೊಂದ್ಕಡೆ ಮೇಲೇಳುತ್ತೆ. ಎದ್ದಿದ್ದನ್ನ ಮಣ್ಣು ಕೈ ಹಾಕಿ ಎಳ್ದು ಕೂರ್ಸುತ್ತಾ?"

ಮೇಸ್ತ್ರಿ ಎಲ್ಲಾದರೂ ಕೈ ಕಾಣಿಸೀತೇ ಎಂದು ಗುಂಡಿಯೊಳಗೆ ಇಣುಕಿದ.

ಕಂಪ್ಯೂಟರ್ ಕೂಡ ಮೇಸ್ತ್ರಿಯಷ್ಟೇ ಮುಗ್ಧವಂತೆ, ಮಣ್ಣು ಎಳೆದು ಹಿಡಿಯುತ್ತದೆ ಅಂದುಕೊಳ್ಳುತ್ತದಂತೆ. ಪಾಯ ಎದ್ದ ಕಡೆಯ ಮಣ್ಣನ್ನು ಬಿಟ್ಟು ಮತ್ತೆ ಮೊದಲಿಂದ ಲೆಕ್ಕ ಹಾಕಬೇಕು. ಬಿಟ್ಟರೆ ಇನ್ನೊಂದಿಷ್ಟು ಏಳುತ್ತದೆ. ಅದನ್ನೂ ಬಿಟ್ಟು ಮತ್ತೆ ಹಾಕಬೇಕು. ಹೀಗೆ ಮೂರು ವಾರ! ಅಂಗಳದ ಕಬ್ಬಿಣ ತುಕ್ಕು ಹಿಡಿಯಿತು, ಮೇಸ್ತ್ರಿ ಬೇರೆ ಕೆಲಸ ಹಿಡಿದ, ಗುಂಡಿಯಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆಯಿಟ್ಟಿತು. ಅಣ್ಣನಿಗೆ ಫೋನ್ ಮಾಡಿ ಗೋಳಾಡಿದರೆ, "ಕಾಗದನಗರ ಅಲ್ವಾ, ಸದ್ಯಕ್ಕೆ ಮನೆ ಕಾಗದದ ಮೇಲೇ ಇರ್ಲಿ ಬಿಡು" ಎಂದು ನಗುತ್ತಾನೆ.

ನನ್ನ ತಾಳ್ಮೆ ತಪ್ಪಿತು. ಶಿವಮೊಗ್ಗದ ಅವರ ಮನೆಗೆ ಹೋದವಳೇ ಅತ್ತಿಗೆಯ ಟೇಬಲ್ಲಿನ ಮುಂದೆ ನಿಂತು, "ಅಮ್ಮನ್ನ ಕಳ್ಸೋಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಿ ಅತ್ತಿಗೆ. ಪಾಪದ ಮಣ್ಣಿನ ಮೇಲೆ ಯಾಕೆ ತಪ್ಪು ಹೊರಿಸ್ತೀರಿ?" ಎಂದುಬಿಟ್ಟೆ.

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅತ್ತಿಗೆ ಬೈಯಲಿಲ್ಲ. ನಕ್ಷೆಯನ್ನು ನನ್ನ ಕಡೆ ತಿರುಗಿಸಿದರು. ಮೂಲೆಯ ಪಾಯವನ್ನು ಒಳಗಿನ ಕಂಬದ ಪಾಯಕ್ಕೆ ದಪ್ಪ ಬೀಮಿನಿಂದ ಕಟ್ಟಿಹಾಕಿದ್ದರು. ಇನ್ನು ಅದು ಮೇಲೇಳುವಂತಿರಲಿಲ್ಲ.

"ಹೋದ ಸೋಮವಾರಾನೇ ಸರಿಯಾಯ್ತು" ಎಂದರು.

"ಮತ್ತೆ ಹೇಳ್ಲೇ ಇಲ್ವಲ್ಲ?"

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಅಡುಗೆಮನೆಯಿಂದ ಅಮ್ಮ, "ಟೀ ಆರ್ತಿದೆ ಕಣಮ್ಮ, ಆಮೇಲೆ ತಲೆನೋವು ಅಂತೀಯ" ಎಂದು ಕೂಗಿದಳು. ಕೂಗಿದ್ದು ನನ್ನನ್ನಲ್ಲ, ಸೊಸೆಯನ್ನು.

"ಅದಾದ್ಮೇಲೆ ಇನ್ನೂ ಮೂರು ಸಲ ಲೆಕ್ಕ ಹಾಕಿ ನೋಡ್ದೆ" ಎಂದರು ಅತ್ತಿಗೆ. "ಭಾರ ಜಾಸ್ತಿ ಮಾಡ್ದೆ. ಗಾಳಿ ಜಾಸ್ತಿ ಮಾಡ್ದೆ. ಮಣ್ಣು ಇನ್ನೂ ಮೆತ್ತಗಿದೆ ಅಂತ ಮಾಡ್ದೆ. ಮೂರು ಸಲಾನೂ ಗಟ್ಟಿಯಾಗಿ ನಿಂತ್ಕೊಳ್ತು." ಪೆನ್ನು ಕೆಳಗಿಟ್ಟರು. "ಒಂದ್ ಸಲ ಆದ್ರೂ ಬೀಳ್ಬಾರದಿತ್ತಾ ಮಾರಾಯ್ತಿ?"

ಆಮೇಲೆ ಕಣ್ಣೊರೆಸಿಕೊಂಡು ಸಹಿ ಹಾಕಿ ನಕ್ಷೆಯನ್ನು ನನ್ನ ಕಡೆ ಚಾಚಿದರು. ಅದನ್ನು ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ.