ಮೇಡಂ ಕಾಫಿ ಕುಡಿಯುವ ಸದ್ದು

‘ಇವತ್ತು ವಿಮಾನದಲ್ಲಿ ಮೂರು ಗಂಟೆ ಮೇಡಂ ಪಕ್ಕ ಕೂರಬೇಕು. ಅವರು ಸೊರ್ರೆಂದು ಕಾಫಿ ಕುಡಿಯುವಾಗ ಎದ್ದು ಓಡಿಹೋಗೋಣ ಅನ್ನಿಸುತ್ತದೆ. ದೇವರೇ, ಇದು ಅವರಿಗೆ ಎಂದೂ ತಿಳಿಯದಿರಲಿ.’

ಹೊಸ ವರ್ಷಕ್ಕೆ ಆಫೀಸಿನವರು ಎಲ್ಲರಿಗೂ ಹಂಚಿದ್ದ ನೀಲಿ ಡೈರಿಯಲ್ಲಿ ಅವಳು ಹೀಗೆ ಬರೆದದ್ದು ಬೆಳಗಿನ ಐದು ಗಂಟೆಗೆ. ಮೇಡಂ ಅವಳ ವಿಭಾಗದ ಮುಖ್ಯಸ್ಥೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾದರೂ ಅವರ ಎದುರು ಅವಳು ಆಡಿದ್ದು ಎರಡೇ ಶಬ್ದ: ‘ಸರಿ ಮೇಡಂ.’ ಕೆಲಸ ಕಾಯಂ ಆಗಬೇಕಾದರೆ ಸೋಮವಾರ ಅವರ ಸಹಿ ಬೀಳಬೇಕು.

ವಿಮಾನ ನಿಲ್ದಾಣದ ಕಾಫಿ ಅಂಗಡಿಯಲ್ಲಿ ಮೇಡಂ ಕೇಳಿದರು, “ಕಾಫೀನಾ, ಟೀನಾ?”

“ಸರಿ ಮೇಡಂ.”

ಮೇಡಂ ನಿಟ್ಟುಸಿರು ಬಿಟ್ಟು ಎರಡು ಕಾಫಿ, ಎರಡು ಬನ್ನು ತಂದರು. ಮೊದಲ ಗುಟುಕಿಗೇ ನೀರಿಲ್ಲದ ಬಾವಿಯ ಪಂಪು ಗಾಳಿ ಎಳೆದಂತೆ ಸದ್ದಾಯಿತು. ಮೂರು ಟೇಬಲ್ ಆಚೆ ಅಳುತ್ತಿದ್ದ ಮಗು ಅಳು ನಿಲ್ಲಿಸಿ ತಿರುಗಿ ನೋಡಿತು. ಅವಳು ಬನ್ನಿನಲ್ಲಿ ಮುಖ ಹುದುಗಿಸಿದಳು. ಅಷ್ಟರಲ್ಲಿ ವಿಮಾನದ ಕರೆ ಬಂತು. ಅರ್ಧ ಬನ್ನು ಬಾಯಲ್ಲೇ ಇರುವಾಗ, ಆಫೀಸಿನ ಫೈಲನ್ನು ಎದೆಗವಚಿಕೊಂಡು ಮೇಡಂ ಹಿಂದೆ ಎದುರಿನ ಗೇಟಿಗೆ ಓಡಿದಳು.

ಸಾಲಿನಲ್ಲಿ ನಿಂತು ಉಸಿರು ಬಿಡುವಷ್ಟರಲ್ಲಿ ಕಾಫಿ ಅಂಗಡಿಯವನು ನೀಲಿ ಡೈರಿಯೊಂದನ್ನು ಎತ್ತಿ ಹಿಡಿದು ಬಂದ. “ಯಾರದ್ದಿದು? ಟೇಬಲ್ ಕೆಳಗೆ ಬಿದ್ದಿತ್ತು!”

ಅವಳ ಜೀವ ಬಾಯಿಗೆ ಬಂತು. ಚೀಲದಲ್ಲಿ ತಡಕಾಡಿದಳು. ಬಾಚಣಿಗೆ ಸಿಕ್ಕಿತು, ಛತ್ರಿ ಸಿಕ್ಕಿತು, ಡೈರಿ ಇಲ್ಲ. ಪಕ್ಕದಲ್ಲಿ ಮೇಡಂ ಚಾವಣಿಯ ದೀಪ ಎಣಿಸುತ್ತಿದ್ದರು, ಕಿವಿ ಕೆಂಪಗಾಗಿತ್ತು. ತನ್ನ ಬೇಜವಾಬ್ದಾರಿ ಕಂಡೇ ಈ ಸಿಟ್ಟು ಎಂದುಕೊಂಡಳು.

“ಹೆಸರಿಲ್ವಾ? ಹಾಗಾದ್ರೆ ಒಳಗೇನಿದೆ ಓದಪ್ಪಾ,” ಎಂದರು ಹಿಂದಿದ್ದ ಅಜ್ಜಿ. “ನಿಂತು ನಿಂತು ಬೇಜಾರಾಗಿದೆ.”

“ಗಟ್ಟಿಯಾಗಿ ಓದಿ, ಈ ಕಡೆಗೂ ಕೇಳ್ಲಿ!” ಎಂದರು ಟೋಪಿಯವರೊಬ್ಬರು.

ಅವನು ಪುಟ ತಿರುವತೊಡಗಿದ.

“ನಂದು! ಕೊಡಿ!” ಅವಳು ಹಾರಿ ಮುಂದೆ ಬಂದಳು.

“ತಡೀರಿ ಅಕ್ಕ. ಆಮೇಲೆ ಇನ್ನೊಬ್ರು ಬಂದು ನನ್ನ ಹಿಡ್ಕೊಂಡ್ರೆ? ಇವತ್ತಿನ ಪುಟದಲ್ಲಿ ಏನು ಬರೆದಿದೀರ, ಹೇಳಿ.”

ಅವಳು ಏನೋ ಗೊಣಗಿದಳು.

“ಕೇಳಿಸ್ಲಿಲ್ಲಮ್ಮಾ!” ಎಂದರು ಅಜ್ಜಿ.

ಅವನು ಓದಿದರೆ ಇಡೀ ಪುಟ ಬಯಲಾಗುತ್ತದೆ. ತಾನೇ ಹೇಳಿದರೆ ಒಂದೇ ಸಾಲು. ಅವಳು ಕಣ್ಣು ಮುಚ್ಚಿಕೊಂಡಳು. “‘ಮೇಡಂ ಸೊರ್ರೆಂದು ಕಾಫಿ ಕುಡಿಯುವಾಗ ಎದ್ದು ಓಡಿಹೋಗೋಣ ಅನ್ನಿಸುತ್ತದೆ.’”

ಸಾಲಿಗೆ ಸಾಲೇ ಘೊಳ್ಳೆಂದಿತು. ಅಂಗಡಿಯವನು ಪುಟ ನೋಡಿದ, ಅವಳನ್ನು ನೋಡಿದ.

“ಇಲ್ವಲ್ಲಕ್ಕ. ಇಲ್ಲಿ ಬೇರೇನೇ ಇದೆ. ‘ಈ ಹುಡುಗಿ ತುಟಿ ಬಿಚ್ಚುವುದಿಲ್ಲ. ಇವಳೆದುರು ಕೂತರೆ ನನಗೇ ಪರೀಕ್ಷೆ ನಡೆಯುತ್ತಿದೆ ಅನ್ನಿಸುತ್ತದೆ. ಇವಳ ಜೊತೆ ಮೂರು ಗಂಟೆ ಹೇಗಪ್ಪಾ ಕಳೆಯಲಿ?’”

ಅವಳ ಕೈಯಿಂದ ಫೈಲು ಜಾರಿತು. ಅದರೊಳಗಿಂದ ಅವಳದೇ ನೀಲಿ ಡೈರಿ ನೆಲಕ್ಕೆ ಬಿತ್ತು.

ಮೇಡಂ ಮುಂದೆ ಬಂದು ಕೈ ಚಾಚಿದರು. “ಕೊಡಿ. ಅದು ನಂದು.”

ವಿಮಾನದಲ್ಲಿ ಬೆಲ್ಟು ಬಿಗಿದುಕೊಂಡ ಮೇಲೆ, ಕಿಟಕಿಯ ಕಡೆಗೇ ಮುಖ ಮಾಡಿ ಮೇಡಂ ಕೇಳಿದರು: “ಸದ್ದು... ಅಷ್ಟೊಂದು ಬರುತ್ತಾ?”

‘ಇಲ್ಲ ಮೇಡಂ’ ಎಂದಿದ್ದರೆ ಸೋಮವಾರದ ಸಹಿ ಉಳಿಯುತ್ತಿತ್ತೋ ಏನೋ. ನಾಲಿಗೆಯ ತುದಿಗೆ ಬಂದದ್ದೂ ಅದೇ.

“ಬರುತ್ತೆ ಮೇಡಂ,” ಎಂದಳು. “ಮೂರು ಟೇಬಲ್ ಆಚೆಗೂ ಕೇಳುತ್ತೆ.”