ಲೋಟದೊಳಗಿನ ಹೆಂಟೆ

ಅಪ್ಪ ತೋಡಿದ ಗೊಬ್ಬರದ ಗುಂಡಿ ಉಳಿಯಬೇಕೋ ಮುಚ್ಚಬೇಕೋ ಎನ್ನುವುದು ಆ ದಿನ ಒಂದು ಲೋಟ ನೀರಿನಲ್ಲಿ ತೀರ್ಮಾನವಾಗಬೇಕಿತ್ತು.

ಅಣ್ಣ ತಮ್ಮ ಇಬ್ಬರಲ್ಲಿ, ಊರವರು ತಿಪ್ಪೆರಾಯ ಎಂದು ಕರೆಯುವ ತಮ್ಮನಿಗೆ ಆ ಗುಂಡಿಯೇ ಸರ್ವಸ್ವ. ಹೊಲ ಭಾಗವಾದಾಗ ಅದು ಸರಿಯಾಗಿ ಗಡಿಯ ಮೇಲೆ ಬಂದಿತ್ತು. ಅವನು ಅದಕ್ಕೆ ಸಗಣಿ, ಕಸಕಡ್ಡಿ, ಉದುರೆಲೆ ಸುರಿದು, ಮಗುವಿಗೆ ಹೊದಿಸಿದ ಹಾಗೆ ಗೋಣಿ ಹೊದಿಸಿ, ಕೊಳೆತದ್ದನ್ನು ತನ್ನ ಹೊಲಕ್ಕೆ ಉಣಿಸುತ್ತಿದ್ದ. ಅಂಗಡಿ ಗೊಬ್ಬರವನ್ನೇ ನಂಬಿದ್ದ ಅಣ್ಣನಿಗೆ ಗುಂಡಿ ಮುಚ್ಚಿ ಟ್ರ್ಯಾಕ್ಟರಿಗೆ ದಾರಿ ಮಾಡುವ ಆಸೆ. ಜಗಳ ಊರವರ ಮುಂದೆ ಹೋಗಿ ಕೊನೆಗೊಂದು ಒಪ್ಪಂದವಾಯಿತು. ಮಣ್ಣು ಪರೀಕ್ಷೆಯ ಮೇಡಂ ಬಂದಾಗ ಇಬ್ಬರೂ ತಂತಮ್ಮ ಹೊಲದ ಒಣ ಮಣ್ಣಿನ ಹೆಂಟೆ ತರಬೇಕು. ನೀರಿನಲ್ಲಿ ಯಾರದು ಕರಗದೆ ನಿಲ್ಲುತ್ತದೋ ಗುಂಡಿ ಅವರದು.

ಬೆಳಿಗ್ಗೆ ಹೆಂಟೆ ಹಿಡಿದು ಹೊಲದಿಂದ ಹೊರಟ ತಿಪ್ಪೆರಾಯನನ್ನು ಸಲಹೆ ಮಾವ ತಡೆದ. ಯಾರೂ ಕೇಳದಿದ್ದರೂ ಸಲಹೆ ಕೊಡುವುದು ಅವನ ಜನ್ಮಸಿದ್ಧ ಹಕ್ಕು.

"ಎಲ್ಲಿ, ತೋರ್ಸು," ಎಂದು ಹೆಂಟೆಯನ್ನು ಬೆರಳಲ್ಲಿ ಹಿಸುಕಿದ. ಅದು ಪುಡಿಪುಡಿಯಾಯಿತು. "ಅಯ್ಯೋ ದೇವ್ರೇ! ಬೆರಳಿಗೇ ತಡೀಲಿಲ್ಲ, ನೀರಿಗೆ ತಡಿಯತ್ತಾ? ನಿಮ್ಮಣ್ಣನ ಹೊಲದ್ದು ನೋಡಿದ್ದೀಯಾ? ತಲೆಗೆ ಹೊಡೆದ್ರೆ ಬುರುಡೆನೇ ಬಿರಿಯತ್ತೆ!"

ಅಪ್ಪ ಕೊನೆಗಾಲದಲ್ಲೂ ಆ ಗುಂಡಿಯ ಅಂಚಿನಲ್ಲಿ ಕೂತು ಹಿಡಿ ಗೊಬ್ಬರ ಮೂಸಿ ನೋಡುತ್ತಿದ್ದ. ಅದರ ಮೇಲೆ ಟ್ರ್ಯಾಕ್ಟರ್ ಹರಿಯುವುದನ್ನು ನೆನೆದು ತಿಪ್ಪೆರಾಯನ ಕಣ್ಣು ತುಂಬಿತು. ಮಾವ ಮರೆಯಾಗುವುದನ್ನೇ ಕಾದು, ಬದು ದಾಟಿ, ಅಣ್ಣನ ಹೊಲದಿಂದ ಕಲ್ಲಿನಂಥ ಹೆಂಟೆಯೊಂದನ್ನು ಎತ್ತಿ ಟವೆಲ್ಲಿನಲ್ಲಿ ಸುತ್ತಿಕೊಂಡ. ಜೀವಮಾನದ ಮೊದಲ ಕಳ್ಳತನ, ಅದೂ ಮಣ್ಣಿನದು.

ಶಾಲೆಯ ಜಗಲಿಯಲ್ಲಿ ಊರೇ ನೆರೆದಿತ್ತು. ಅಣ್ಣ ಯಾಕೋ ತಮ್ಮನ ಮುಖ ನೋಡದೆ ತನ್ನ ಹೆಂಟೆ ಕೊಟ್ಟ. ಒಣಗಿ ಧೂಳು ಹಿಡಿದ ಎರಡೂ ನೋಡಲು ಒಂದೇ ಥರ ಇದ್ದವು. ಮೇಡಂ ಅವನ್ನು ಎರಡು ಗಾಜಿನ ಲೋಟಗಳ ನೀರಿಗೆ ಇಳಿಸಿದರು.

ತಮ್ಮನ ಲೋಟದಲ್ಲಿ ಗುಳ್ಳೆ ಎದ್ದವು. ಕಲ್ಲಿನಂಥ ಹೆಂಟೆ ನೋಡನೋಡುತ್ತಲೇ ಕುಸಿದು ರಾಡಿಯಾಯಿತು. ಅಣ್ಣನದು ಮಾತ್ರ ಅಲುಗಾಡದೆ ಕೂತಿತ್ತು. ಸುತ್ತಲಿನ ನೀರು ತಿಳಿಯಾಗಿಯೇ ಇತ್ತು.

"ಗಟ್ಟಿ ಇರೋದೆಲ್ಲ ಒಳ್ಳೆ ಮಣ್ಣಲ್ಲ," ಎಂದರು ಮೇಡಂ. "ಕೈಯಲ್ಲಿ ಹಿಸುಕಿದ್ರೆ ಪುಡಿಯಾಗ್ಬೇಕು, ನೀರಲ್ಲಿ ಹಾಕಿದ್ರೆ ಕರಗಬಾರದು. ಕೊಳೆತ ಗೊಬ್ಬರ ಉಂಡ ಮಣ್ಣು ಹಾಗಿರತ್ತೆ. ದೊಡ್ಡವರದು ಜೀವ ಇರೋ ಮಣ್ಣು. ಚಿಕ್ಕವರದು, ಪಾಪ, ಸತ್ತೇಹೋಗಿದೆ."

"ನಾನು ಆವಾಗ್ಲೇ ಹೇಳಿದ್ದೆ," ಎಂದ ಸಲಹೆ ಮಾವ. "ಇನ್ನಾದ್ರೂ ಗೊಬ್ಬರ ಮಾಡೋದನ್ನ ನಿಮ್ಮಣ್ಣನ ಹತ್ರ ಕಲಿಯಪ್ಪಾ."

ಅಣ್ಣ ಕೆಮ್ಮಿದ. "ಗುಂಡಿ ಮುಚ್ಚಲ್ಲ ಬಿಡಿ. ಇನ್ಮೇಲೆ ನಾನೇ ನೋಡ್ಕೋತೀನಿ."

ತಿಪ್ಪೆರಾಯ ತುಟಿ ಬಿಚ್ಚಿದರೆ ಕದ್ದದ್ದು ಬಯಲಾಗುತ್ತದೆ. ತಲೆ ತಗ್ಗಿಸಿಕೊಂಡು ಮನೆಗೆ ಬಂದ.

ಹೆಂಡತಿ ಬಾಗಿಲಲ್ಲೇ ನಗುತ್ತ ನಿಂತಿದ್ದಳು. "ರೀ, ನಿಮಗೊಂದು ತಮಾಷೆ ಹೇಳ್ಬೇಕು. ಬೆಳಿಗ್ಗೆ ನೀವು ಏಳೋಕ್ಕೆ ಮುಂಚೆ ನಿಮ್ಮಣ್ಣ ನಮ್ಮ ಹೊಲಕ್ಕೆ ನುಗ್ಗಿ ಹೆಂಟೆ ಎತ್ಕೊಂಡು ಹೋದ್ರು! ಹೋಗ್ಲಿ, ಎರಡು ಲೋಟದಲ್ಲೂ ನಮ್ಮ ಮಣ್ಣೇ ಇದ್ರೆ ನಾವು ಸೋಲೋದು ಹ್ಯಾಗೆ ಅಂತ ನಾನೂ ಸುಮ್ಮನಿದ್ದೆ. ಅಲ್ಲ, ಯಾಕೆ ಮುಖ ಹೀಗಿದೆ? ಗೆದ್ದಿದ್ದು ನಾವೇ ತಾನೇ?"

ತಿಪ್ಪೆರಾಯ ಹೆಗಲ ಮೇಲಿನ ಟವೆಲ್ ತೆಗೆದು, ಅದಕ್ಕಂಟಿದ್ದ ಅಣ್ಣನ ಮಣ್ಣನ್ನು ಅಂಗಳದಲ್ಲಿ ಕೊಡವಿದ.

"ಹೂಂ," ಎಂದ. "ಗೆದ್ದಿದ್ದು ನಮ್ಮ ಮಣ್ಣೇ."